ಬೇಕಲ ಕೋಟೆ ಪ್ರವಾಸ: ಬಸ್ಸು ಹತ್ತುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಲ್ಲಿಪಟ್ಟಣ: ಮಳೆ ನಿಂತು ಚಳಿ ಶುರುವಾಯ್ತು ಅಂದ್ರೆ ಅರಕಲಗೂಡು ತಾಲೂಕಿನ ಶಾಲೆಗಳಲ್ಲಿ, ಸಂಘಗಳಲ್ಲಿ ಟೂರ್ ಮಾತು ಶುರುವಾಗುತ್ತೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು ಮುಗಿಸಿದ ಬಸ್ಸು ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಇನ್ನಷ್ಟು ದೂರ ಹೋದರೆ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ ಸಿಗುತ್ತೆ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ., ಅಲ್ಲಿಂದ ಬೇಕಲಕ್ಕೆ ಸುಮಾರು 16 ಕಿ.ಮೀ. ಇಲ್ಲಿಗೆ ಹೋಗಿ ಬರೀ ಫೋಟೊ ತೆಗೆಸಿಕೊಂಡು ವಾಪಸ್ ಬರುವವರೇ ಹೆಚ್ಚು. ಆದರೆ ಈ ಕೋಟೆಯ ಕಥೆ ಹಾಸನ ಜಿಲ್ಲೆಗೂ ತಾಗಿಕೊಂಡಿದೆ.

ಕಟ್ಟಿಸಿದ್ದು ಯಾರು?

ಬೇಕಲ ಇವತ್ತು ಕೇರಳದ ಅತಿ ದೊಡ್ಡ ಕೋಟೆ. ವಿಸ್ತಾರ ಸುಮಾರು 40 ಎಕರೆ. ಇದನ್ನು ಕಟ್ಟಿಸಿದ ಹೆಸರು ಇರುವುದು ಕೆಳದಿಯ ಶಿವಪ್ಪ ನಾಯಕನಿಗೆ, ಕಾಲ ಸುಮಾರು 1650. ಮಲೆನಾಡಿನ ರೈತರ ಗದ್ದೆ, ತೋಟ ಅಳೆಸಿ ಕಂದಾಯಕ್ಕೆ ಒಂದು ಲೆಕ್ಕ ತಂದು ‘ಶಿಸ್ತಿನ ಶಿವಪ್ಪ ನಾಯಕ’ ಅನಿಸಿಕೊಂಡವನು ಇವನೇ. ವಿಜಯನಗರದ ಮೂರನೇ ಶ್ರೀರಂಗರಾಯ ನೆಲೆ ತಪ್ಪಿ ಬಂದಾಗ ಈತ ಆಶ್ರಯ ಕೊಟ್ಟಿದ್ದು ಹಾಸನ ಜಿಲ್ಲೆಯ ಬೇಲೂರಿನಲ್ಲಿ. ಅಂದ್ರೆ ಬೇಲೂರಿಗೂ ಬೇಕಲಕ್ಕೂ ಒಬ್ಬನೇ ಅರಸನ ನಂಟು.

ಕೆಳದಿಯವರ ಬೊಕ್ಕಸಕ್ಕೆ ಘಟ್ಟದ ಮೆಣಸು, ಕರಾವಳಿಯ ಅಕ್ಕಿ ದೊಡ್ಡ ಆಧಾರ. ಆ ಸರಕು ಹಡಗು ಹತ್ತುತ್ತಿದ್ದ ಕಡಲಂಚನ್ನು ಕಾಯೋದಕ್ಕೆ ಕೋಟೆಗಳ ಸಾಲೇ ಬೇಕಾಯ್ತು. ಕಾಸರಗೋಡಿನ ಹತ್ತಿರದ ಚಂದ್ರಗಿರಿ ಕೋಟೆ, ಕಾಞಂಗಾಡಿನ ಹೊಸದುರ್ಗ ಕೋಟೆ ಕೂಡ ಕೆಳದಿಯವರವೇ. ‘ಹೊಸದುರ್ಗ’ ಅನ್ನೋ ಹೆಸರಿನಲ್ಲೇ ಕನ್ನಡ ಉಳಿದಿದೆ.

1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಈ ಕರಾವಳಿ ಮೈಸೂರಿನ ಪಾಲಾಯ್ತು. ಟಿಪ್ಪು ಮಲಬಾರಿನ ದಂಡಯಾತ್ರೆಗೆ ಬೇಕಲವನ್ನು ಮುಖ್ಯ ಸೇನಾ ನೆಲೆ ಮಾಡಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೋಟೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕೆಲವು ಕಾಲ ಬೇಕಲವೇ ತಾಲೂಕು ಕೇಂದ್ರವಾಗಿತ್ತು. ಆಮೇಲೆ ಆ ಸ್ಥಾನ ಕಾಸರಗೋಡಿಗೆ ಹೋಯ್ತು.

1956ರವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂದಿತ್ತು, ಅದು ಜಾರಿಯಾಗಲಿಲ್ಲ. ಬೇಕಲ ಇರೋದು ಆ ಹೊಳೆಯ ದಕ್ಷಿಣಕ್ಕೆ. ಮಂಜೇಶ್ವರ, ಕುಂಬಳೆ ದಾಟುವಾಗ ಕಿವಿಗೆ ಬೀಳುವ ಕನ್ನಡ, ತುಳು ಇಲ್ಲಿಗೆ ಬರುವಷ್ಟರಲ್ಲಿ ಕಡಿಮೆಯಾಗಿ ಮಲಯಾಳ ಜೋರಾಗುತ್ತೆ.

ಒಳಗೆ ಏನೇನು ನೋಡಬೇಕು?

ಮೊದಲು ಒಂದು ಮಾತು. ಇದು ಸೈನ್ಯದ ಕೋಟೆ. ಒಳಗೆ ಅರಮನೆ, ದರ್ಬಾರು ಏನೂ ಇಲ್ಲ. ಅದನ್ನು ಹುಡುಕಿಕೊಂಡು ಹೋದವರು ‘ಖಾಲಿ ಬಯಲು’ ಅಂತ ಬೇಜಾರು ಮಾಡ್ಕೊಂಡು ಬರ್ತಾರೆ. ನೋಡಬೇಕಾದ್ದು ಗೋಡೆ, ದಾರಿ, ನೀರು, ಮದ್ದು.

* ಬಾಗಿಲು: ದಾರಿ ನೇರವಾಗಿಲ್ಲ, ಅಂಕುಡೊಂಕು. ನುಗ್ಗಿ ಬಂದ ಶತ್ರು ತಿರುವಿನಲ್ಲಿ ನಿಧಾನ ಆಗಲೇಬೇಕು. ಆಗ ಮೇಲಿನಿಂದ ಹೊಡೆಯೋದು ಸುಲಭ. ಪ್ರವೇಶದ ಹತ್ತಿರ ಮುಖ್ಯಪ್ರಾಣ ಆಂಜನೇಯನ ಗುಡಿ ಇದೆ. ಕೋಟೆಯ ಪಕ್ಕದಲ್ಲೇ ಟಿಪ್ಪು ಕಾಲದ್ದು ಎನ್ನುವ ಮಸೀದಿಯೂ ಇದೆ.

* ಗೋಡೆಯ ಕಿಂಡಿಗಳು: ಬೀಗದ ಕೈ ತೂತಿನ ಆಕಾರದವು. ಸುಮ್ಮನೆ ಗಾಳಿಗೆ ಬಿಟ್ಟಿದ್ದಲ್ಲ. ಮೇಲಿನ ಕಿಂಡಿ ದೂರದ ಗುರಿಗೆ, ಕೆಳಗಿನದ್ದು ಗೋಡೆಯ ಹತ್ತಿರ ಬಂದವರಿಗೆ. ಮಕ್ಕಳು ಒಂದೊಂದು ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ತಾವೇ ಕಂಡುಕೊಳ್ತಾರೆ.

* ಕಲ್ಲು: ಮಂಗಳೂರು ಕಡೆ ಮುರಕಲ್ಲು, ನಮ್ಮ ಕಡೆ ಜಂಬಿಟ್ಟಿಗೆ ಅನ್ನೋ ಕೆಂಪು ಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಇಟ್ಟಿಗೆ ಹಾಗೆ ಕತ್ತರಿಸಬಹುದು. ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತೆ.

* ಕೊಳ: ಮೆಟ್ಟಿಲು ಇಳಿದು ಹೋಗುವ ನೀರಿನ ಕೊಳ. ಸುತ್ತ ಉಪ್ಪು ನೀರು ಇರುವ ಜಾಗದಲ್ಲಿ ಸಿಹಿನೀರು ಇಲ್ಲದಿದ್ದರೆ ಎಷ್ಟು ದಪ್ಪ ಗೋಡೆ ಇದ್ದರೂ ಮುತ್ತಿಗೆ ತಡೆಯೋಕಾಗಲ್ಲ.

* ಮದ್ದಿನ ಮನೆ: ಮದ್ದುಗುಂಡು ಇಡುತ್ತಿದ್ದ ಕಟ್ಟಡ.

* ವೀಕ್ಷಣಾ ಬುರುಜು: ಕೋಟೆಯ ನಡುವಿನ ಅಗಲವಾದ ಏರು ಹತ್ತಿ ಹೋಗಬೇಕು. ಮೇಲಿಂದ ಪಳ್ಳಿಕ್ಕರೆ, ಕೋಟಿಕುಳಂ, ಉದುಮ, ಕಾಞಂಗಾಡಿನವರೆಗೆ ಕಣ್ಣು ಹಾಯುತ್ತೆ. ಮಾರು ದೂರದಲ್ಲಿ ಹಡಗು ಬಂದರೂ ಮೊದಲು ಗೊತ್ತಾಗುತ್ತಿದ್ದುದು ಇಲ್ಲಿಂದಲೇ.

* ಸುರಂಗ: ದಕ್ಷಿಣಕ್ಕೆ ತೆರೆದುಕೊಳ್ಳುತ್ತೆ.

ಗೈಡ್ ಹೇಳಿದ್ದೆಲ್ಲ ನಿಜವಾ?

ಗೈಡ್ ಮಾಡಿಕೊಳ್ಳುವವರು ಗುರುತಿನ ಚೀಟಿ ನೋಡಿ, ದರ ಮೊದಲೇ ಮಾತಾಡಿ, ಕನ್ನಡ ಬರುತ್ತಾ ಅಂತ ಕೇಳಿಕೊಳ್ಳಿ. ಬಾರದಿದ್ದರೆ ಜೊತೆಗಿರುವ ಮೇಷ್ಟ್ರು ಮುಂಚೆಯೇ ಓದಿಕೊಂಡು ಹೋಗೋದು ಒಳ್ಳೇದು. ಇಲ್ಲಾಂದ್ರೆ 1995ರ ಮಣಿರತ್ನಂ ಚಿತ್ರ ‘ಬಾಂಬೆ’ಯ ಹಾಡು ಚಿತ್ರೀಕರಣವಾದ ಬುರುಜು ತೋರಿಸೋದರಲ್ಲೇ ಟೂರ್ ಮುಗಿದುಹೋಗುತ್ತೆ.

ಸುರಂಗದ ವಿಚಾರದಲ್ಲಿ ಹುಷಾರು. ‘ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ದಾರಿ ಇತ್ತು’ ಅನ್ನೋ ಕಥೆ ಸಕಲೇಶಪುರದ ಮಂಜರಾಬಾದ್‌ನಲ್ಲೂ ಕೇಳಬಹುದು. ನೂರಾರು ಮೈಲಿ ಬಂಡೆ, ಹೊಳೆ ದಾಟಿ ಸುರಂಗ ಕೊರೆಯೋದು ಆ ಕಾಲಕ್ಕೆ ಆಗುವ ಕೆಲಸ ಅಲ್ಲ. ಕೋಟೆಯಲ್ಲಿ ಇಂಥ ದಾರಿ ಇದ್ದಿದ್ದು ಗೋಡೆಯ ಆಚೆಗೆ ಗುಟ್ಟಾಗಿ ಹೋಗಿ ಬರೋಕೆ.

ದಾರಿಯಲ್ಲೇ ಇನ್ನೊಂದು ಪಾಠ

ಶಿರಾಡಿ ಘಾಟಿ ಮೇಲೆ ಹೋಗುವವರು ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಮಂಜರಾಬಾದ್ ಕೋಟೆಯನ್ನು ಅದೇ ಪ್ರವಾಸದಲ್ಲಿ ಸೇರಿಸಿಕೊಳ್ಳಬಹುದು. 1792ರ ಹೊತ್ತಿಗೆ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ ಇದು, ಫ್ರಾನ್ಸ್‌ನ ವೊಬಾನ್ ಮಾದರಿಯದ್ದು. ಮೂಲೆಗಳು ಮುಂದಕ್ಕೆ ಚಾಚಿರುವುದರಿಂದ ಒಂದು ಗೋಡೆಯ ಬುಡಕ್ಕೆ ಬಂದವನನ್ನು ಪಕ್ಕದ ಮೂಲೆಯಿಂದ ಹೊಡೆಯಬಹುದು. ಮಂಗಳೂರಿನಿಂದ ಘಟ್ಟ ಹತ್ತುವ ದಾರಿಗೆ ಕಾವಲು ಇದೇ. ಕಡಲಿಗೆ ಬೇಕಲ, ಘಟ್ಟಕ್ಕೆ ಮಂಜರಾಬಾದ್. ಎರಡನ್ನೂ ನೋಡಿದ ಮಕ್ಕಳಿಗೆ ಹಳೇ ಮೈಸೂರಿನ ಗಡಿ ಹೇಗಿತ್ತು ಅಂತ ನಕ್ಷೆ ಇಲ್ಲದೇ ಅರ್ಥವಾಗುತ್ತೆ.

ಮಡಿಕೇರಿ ಮೇಲೆ ಹೋಗುವವರಿಗೆ ಸಂಪಾಜೆ, ಸುಳ್ಯ, ಜಾಲ್ಸೂರು ಮಾರ್ಗವಾಗಿ ಕಾಸರಗೋಡು ಸಿಗುತ್ತೆ. ರೈಲಿಗಾದರೆ ಹಾಸನದ ಮೇಲೆ ಹಾದುಹೋಗುವ ಬೆಂಗಳೂರು–ಕಣ್ಣೂರು ಎಕ್ಸ್‌ಪ್ರೆಸ್ ಕಾಸರಗೋಡು, ಕಾಞಂಗಾಡಿನಲ್ಲಿ ನಿಲ್ಲುತ್ತೆ. ಮಳೆಗಾಲದಲ್ಲಿ ಎರಡೂ ಘಾಟಿಯಲ್ಲಿ ಗುಡ್ಡ ಕುಸಿತದ ಭಯ ಇರುವುದರಿಂದ ಹೊರಡುವ ದಿನ ರಸ್ತೆ ವಿಚಾರಿಸಿಕೊಂಡೇ ಹೊರಡಬೇಕು.

ಮಕ್ಕಳನ್ನು ಕರೆದೊಯ್ಯುವವರಿಗೆ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿಗೆ ಇಳಿದ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರೂ ಶಾಲಾ ಪ್ರವಾಸಕ್ಕೆ ಬಂದವರೇ. ಹೇಮಾವತಿ, ಕಾವೇರಿಯಲ್ಲಿ ಈಜು ಕಲಿತ ಹುಡುಗರಿಗೂ ಕಡಲು ಬೇರೆಯೇ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲಡಿಯ ಮರಳನ್ನೇ ವಾಪಸ್ ಹೋಗುವ ಅಲೆ ಎಳೆದುಕೊಂಡು ಹೋಗುತ್ತೆ.

ಬೇಕಲದ ಗೋಡೆಯ ಬುಡಕ್ಕೇ ಅಲೆ ಬಡಿಯುತ್ತೆ. ಕಡಲ ಕಡೆಯ ಬುರುಜಿಗೆ ಇಳಿಯುವ ಮೆಟ್ಟಿಲು, ಪಾಚಿ ಹಿಡಿದ ಬಂಡೆ ಎರಡೂ ಜಾರುತ್ತವೆ. ಸೆಲ್ಫಿಗಾಗಿ ಗೋಡೆ ಮೇಲೆ ಹತ್ತುವುದನ್ನು ಬಸ್ಸಿನಲ್ಲೇ ಹೇಳಿ ನಿಲ್ಲಿಸಬೇಕು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಅಂತ ಹಂಚಿಕೊಂಡು, ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡು ಸಲ ತಲೆ ಎಣಿಸಿದರೆ ಒಳ್ಳೇದು. ಪಕ್ಕದ ಬೀಚ್‌ಗೆ ಹೋದರೂ ಲೈಫ್‌ಗಾರ್ಡ್ ಬೇಡ ಅಂದ ಕಡೆ ಕಾಲಿಡಬಾರದು.

ಹೊರಡುವ ಮುನ್ನ

* ಕೋಟೆ ಕೇಂದ್ರ ಪುರಾತತ್ವ ಇಲಾಖೆಯದ್ದು. ಬೆಳಿಗ್ಗೆ 8ಕ್ಕೆ ತೆರೆದು ಸಂಜೆ 5.30ರ ಹೊತ್ತಿಗೆ ಮುಚ್ಚುತ್ತೆ. ಪ್ರವೇಶಕ್ಕೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ವಯಸ್ಸಿನ ದಾಖಲೆ ಜೊತೆಗಿರಲಿ.
* ಟೂರಿಸ್ಟ್ ಬಸ್, ಟಿಟಿ ಬುಕ್ ಮಾಡುವಾಗ ಕೇರಳಕ್ಕೆ ಹೋಗುವ ಪರ್ಮಿಟ್ ಇದೆಯಾ ಅಂತ ಮಾಲೀಕರನ್ನು ಕೇಳಿ.
* ಒಳಗೆ ನೆರಳು ಕಡಿಮೆ. ಟೋಪಿ, ನೀರಿನ ಬಾಟಲಿ ಬೇಕೇ ಬೇಕು. ಬೆಳಿಗ್ಗೆ ಬೇಗ ಅಥವಾ ಮೂರೂವರೆ ಮೇಲೆ ಹೋದರೆ ಬಿಸಿಲು ಅಷ್ಟು ಕಾಡಲ್ಲ.
* ಸುತ್ತೋಕೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ.
* ಗೋಡೆ ಮೇಲೆ ಹೆಸರು ಕೆತ್ತೋದು ಕಾನೂನು ಪ್ರಕಾರ ಅಪರಾಧ. ಜಂಬಿಟ್ಟಿಗೆ ಕಲ್ಲಿಗೆ ಬಿದ್ದ ಗೀರಿನಲ್ಲಿ ಮಳೆ ನೀರು ನಿಂತು ಪಾಚಿ ಕಟ್ಟುತ್ತೆ, ಅಲ್ಲಿಂದಲೇ ಕಲ್ಲು ಸವೆಯುತ್ತಾ ಹೋಗುತ್ತೆ.