ಕಟ್ಟುಮರ ಮತ್ತು ಕ್ಯಾಟಮರಾನ್: ಹೆಸರು ವಲಸೆ ಹೋಯ್ತು, ದೋಣಿ ಇಲ್ಲೇ ಉಳೀತು

ಈ ಸಲದ ವಿಡಿಯೋದ ಬರಹ ರೂಪ ಇಲ್ಲಿದೆ. ಆಫೀಸಿಗೆ ಹೋಗೋ ದಾರಿಯಲ್ಲಿ ಹೆಡ್‌ಫೋನ್ ಇಲ್ಲದೆ ಓದೋರಿಗೆ ಅನುಕೂಲ ಅಂತ ಸ್ವಲ್ಪ ತಿದ್ದಿ ಹಾಕಿದ್ದೀನಿ.

ಚೆನ್ನೈಗೆ ಬಂದ ಕನ್ನಡಿಗರಿಗೆ ಅನುವಾದವೇ ಬೇಡದ ಎರಡು ಪದ ಈ ಊರಲ್ಲಿವೆ. ಒಂದು ಸೌಕಾರ್‌ಪೇಟೆ. ಸಾಹುಕಾರರ ಪೇಟೆ, ಅಷ್ಟೇ. ಇನ್ನೊಂದು ಕಟ್ಟುಮರ. ಕಟ್ಟಿದ ಮರ. ತಮಿಳು ಬರದಿದ್ದರೂ ಅರ್ಥ ಆಗುತ್ತೆ. ಇಂಗ್ಲಿಷಿನ ‘ಕ್ಯಾಟಮರಾನ್’ ಈ ಪದದಿಂದಲೇ ಬಂದಿದ್ದು. ಇವತ್ತು ಮೆಡಿಟರೇನಿಯನ್‌ನಲ್ಲಿ, ಕೆರಿಬಿಯನ್‌ನಲ್ಲಿ ಕೋಟಿಗಟ್ಟಲೆ ಬೆಲೆಗೆ ಮಾರಾಟ ಆಗೋ ಎರಡು ಒಡಲಿನ ಹಾಯಿದೋಣಿಗಳ ಹೆಸರು ಅದು.

ಇಷ್ಟು ಹೇಳಿದ ತಕ್ಷಣ ವಾಟ್ಸಾಪ್ ಫಾರ್ವರ್ಡ್ ಒಂದು ನೆನಪಾಗುತ್ತೆ ಅಲ್ವಾ? ‘ಕ್ಯಾಟಮರಾನ್ ಕಂಡುಹಿಡಿದಿದ್ದು ನಾವು, ಬ್ರಿಟಿಷರು ಕದ್ದರು’ ಅನ್ನೋದು. ನನ್ನ ಪ್ರಕಾರ ಈ ಹೆಮ್ಮೆ ತಪ್ಪು ಜಾಗದಲ್ಲಿದೆ. ಹೆಸರು ನಮ್ಮ ಕಡೆಯದ್ದು ಅನ್ನೋದು ನಿಜ. ಆದರೆ ಆ ದೋಣಿಯ ವಿನ್ಯಾಸ ಬೇರೆ ಕಡೆಯಿಂದ ಬಂತು. ಇದನ್ನ ಬಿಡಿಸಿ ನೋಡದಿದ್ದರೆ, ಇಲ್ಲಿನ ಮೀನುಗಾರರು ನಿಜವಾಗಿ ಏನು ಸಾಧಿಸಿದ್ದರು ಅನ್ನೋದೇ ಮರೆಯಾಗಿಬಿಡುತ್ತೆ.

ಬಂದರೇ ಇಲ್ಲದ ಊರಿನ ಪೇಟೆ

ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟಲ್ಲಿ ಗುಜರಾತಿ, ಮಾರ್ವಾಡಿ ಅಂಗಡಿಗಳ ಮಧ್ಯೆ ಕೈಗಾಡಿ ತಪ್ಪಿಸಿಕೊಂಡು ನಡೆಯೋವಾಗ ಸಮುದ್ರ ನೆನಪಾಗೋದು ಕಷ್ಟ. ಆದರೆ ಅದು ಎರಡು ಕಿಲೋಮೀಟರ್ ಆಸುಪಾಸಲ್ಲೇ ಇದೆ. ಇಂಗ್ಲಿಷರು 1639ರಲ್ಲಿ ಇಲ್ಲಿ ಕೋಟೆಗೆ ಜಾಗ ಹಿಡಿದಾಗ ಇದು ಬರೀ ಬಯಲು ಮರಳ ದಂಡೆ. ಬಂದರು ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು, ದಡಕ್ಕೂ ಹಡಗಿಗೂ ನಡುವೆ ಒಂದರ ಹಿಂದೊಂದು ಒಡೆಯೋ ಅಲೆಗಳು.

ಆ ಅಲೆಗಳನ್ನ ದಾಟಿಸ್ತಾ ಇದ್ದದ್ದು ಎರಡು ಬಗೆಯ ದೋಣಿ. ಮೊದಲನೆಯದು ಮಸೂಲಾ ದೋಣಿ. ಹಲಗೆಗಳನ್ನ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದಿರೋದು. ನೆಲಕ್ಕೆ ಅಪ್ಪಳಿಸಿದರೆ ಒಡೆಯೋ ಬದಲು ಬಾಗುತ್ತೆ. ಜನ, ಬಟ್ಟೆ ಗಂಟು, ಪೇಟೆಗೆ ಸಮುದ್ರದಿಂದ ಬರೋ ಸರಕು ಎಲ್ಲಾ ಇದರಲ್ಲೇ. ಎರಡನೆಯದು ಕಟ್ಟುಮರ. ಮಸೂಲಾ ಮಗುಚಿದರೆ ಜನರನ್ನ ಎತ್ತೋಕೆ ಕಟ್ಟುಮರದವರು ಪಕ್ಕದಲ್ಲೇ ಇರ್ತಿದ್ದರು. ಹಡಗಿಗೆ ಕಾಗದಪತ್ರ ಒಯ್ಯೋರೂ ಅವರೇ. ನೀರು ತಾಗದ ಹಾಗೆ ಟೋಪಿಯೊಳಗೆ ಇಟ್ಟುಕೊಂಡು ಹೋಗ್ತಿದ್ದರು.

ಕಟ್ಟುಮರದ ಎಂಜಿನಿಯರಿಂಗ್ ನೋಡಿ. ಹೆಬ್ಬೇವಿನಂಥ ಹಗುರ ಮರದ ದಿಮ್ಮಿಗಳು, ಮೂರೋ ಐದೋ ಏಳೋ. ಮುಂದಿನ ತುದಿ ಮೇಲಕ್ಕೆ ಬರೋ ಹಾಗೆ ಕೆತ್ತಿ, ಹಗ್ಗದಿಂದ ಬಿಗಿದು ಕಟ್ಟೋದು. ಇದಕ್ಕೆ ಒಳಗು ಅನ್ನೋದೇ ಇಲ್ಲ. ಹಾಗಾಗಿ ನೀರು ತುಂಬಿ ಮುಳುಗೋ ಪ್ರಶ್ನೆಯೂ ಇಲ್ಲ. ಅಲೆ ಮೇಲೆ ಬಂದು ದಿಮ್ಮಿಗಳ ಸಂದಿಯಲ್ಲೇ ಸೋರಿ ಹೋಗುತ್ತೆ. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ, ಒಂದೊಂದೇ ದಿಮ್ಮಿ ಹೊತ್ತು ಬಿಸಿಲಿಗೆ ಹಾಕೋದು, ಒದ್ದೆಯಾದ ಮರ ಭಾರ ಆಗುತ್ತಲ್ಲ, ಅದಕ್ಕೆ. ರಿಪೇರಿ ಅಂದ್ರೆ ಒಂದು ದಿಮ್ಮಿ ಬದಲಾಯಿಸೋದು, ಅಷ್ಟೇ. ಬಂದರಿಲ್ಲದ ದಂಡೆಗೆ ಇದಕ್ಕಿಂತ ಸರಿಯಾದ ಉತ್ತರ ಇರಲಿಲ್ಲ.

ಹೆಸರು ಹಡಗು ಹತ್ತಿದ್ದು

ವಿಲಿಯಂ ಡ್ಯಾಂಪಿಯರ್ ಅನ್ನೋ ಇಂಗ್ಲಿಷ್ ನಾವಿಕ ಕೋರಮಂಡಲ ತೀರದಲ್ಲಿ ಇದನ್ನ ನೋಡಿದ. 1697ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ‘ಕ್ಯಾಟಮರಾನ್’ ಅಂತ ಬರೆದ. ಅವನು ವರ್ಣಿಸಿದ್ದು ಒಂದೋ ಎರಡೋ ದಿಮ್ಮಿಯ, ಕೂತವನ ಕಾಲು ನೀರಲ್ಲೇ ಇರೋ ತೆಪ್ಪವನ್ನ. ಎರಡು ಒಡಲಿನ ದೋಣಿಯನ್ನಲ್ಲ.

ಎರಡು ಒಡಲನ್ನ ಅಡ್ಡ ತೊಲೆಗಳಿಂದ ಜೋಡಿಸಿ ಮಹಾಸಾಗರ ದಾಟಿದವರು ಪೆಸಿಫಿಕ್‌ನ ಪಾಲಿನೇಷಿಯನ್ ಜನ. ಇಂಗ್ಲೆಂಡಿನ ವಿಲಿಯಂ ಪೆಟ್ಟಿ ಕೂಡ 1662ರಲ್ಲೇ ಡಬ್ಲಿನ್‌ನಲ್ಲಿ ಎರಡು ಒಡಲಿನ ದೋಣಿ ಮಾಡಿಸಿದ್ದ, ಆದರೆ ಆ ಪ್ರಯೋಗ ಮುಂದುವರಿಯಲಿಲ್ಲ. ಮುಂದೆ 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಅನ್ನೋ ಎರಡು ಒಡಲಿನ ಹಾಯಿದೋಣಿ ತಂದು ನ್ಯೂಯಾರ್ಕಿನ ರೇಸಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಆಮೇಲೆ ಮಾಮೂಲಿ ದೋಣಿಗಳ ಜೊತೆ ಅದನ್ನ ಓಡಿಸೋಕೇ ಬಿಡಲಿಲ್ಲ! ತೆಪ್ಪದ ಹೆಸರಾಗಿದ್ದ ‘ಕ್ಯಾಟಮರಾನ್’ ಈ ಕಾಲದಲ್ಲಿ ಎರಡು ಒಡಲಿನ ದೋಣಿಗೆ ಅಂಟಿಕೊಂಡಿತು. ನಮ್ಮ ಪದ, ಪೆಸಿಫಿಕ್‌ನ ರೂಪ, ಅಮೆರಿಕದ ಪೇಟೆಂಟ್.

ಕಾರ್ಖಾನೆಗೆ ಬಂದ ಕ್ಯಾಟಮರಾನ್

ಇದು ಅಚ್ಚು ಹಾಕಿ ತಯಾರಿಸೋ ಮಾಡೆಲ್ ಆಗಿದ್ದು ಎರಡನೇ ಮಹಾಯುದ್ಧದ ನಂತರ. ಇಂಗ್ಲೆಂಡಿನ ಕ್ಯಾನ್ವಿ ದ್ವೀಪದ ಪ್ರೌಟ್ ಸಹೋದರರು, ರೋಲಂಡ್ ಮತ್ತು ಫ್ರಾನ್ಸಿಸ್, 1949ರ ಸುಮಾರಿಗೆ ಎರಡು ಕಯಾಕ್ ದೋಣಿಗಳನ್ನ ಜೋಡಿಸಿ ಪ್ರಯೋಗ ಶುರುಮಾಡಿದರು. 1954ರಲ್ಲಿ ಮನೆತನದ ದೋಣಿ ಕಾರ್ಖಾನೆಯನ್ನೇ ಕ್ಯಾಟಮರಾನ್ ಕಡೆ ತಿರುಗಿಸಿದರು. ಮೊದಲು ರೇಸಿನ ‘ಶಿಯರ್‌ವಾಟರ್’, ಆಮೇಲೆ ಸಂಸಾರ ಸಮೇತ ಸಮುದ್ರ ದಾಟೋ ‘ಸ್ನೋಗೂಸ್’.

ಸ್ನೋಗೂಸ್ ಬೆಳೆದ ರೀತಿ ನಮ್ಮ ಸಾಫ್ಟ್‌ವೇರ್ ವರ್ಷನ್‌ಗಳ ಹಾಗೇ ಇದೆ. 34 ಅಡಿ, 35 ಅಡಿ, 37 ಅಡಿ, ಕೊನೆಗೆ 1980ರ ದಶಕದಲ್ಲಿ ‘37 ಎಲೀಟ್’. ಪ್ರತಿ ಸಲವೂ ಮೂಲ ತತ್ವ ಅದೇ. ಹಾಯಿಕಂಬ ಸಾಕಷ್ಟು ಹಿಂದೆ, ಚಾಲಕ ಕೂರೋ ಜಾಗದ ಹತ್ತಿರ. ಮುಖ್ಯ ಹಾಯಿ ಚಿಕ್ಕದು, ಮುಂದಿನ ಹಾಯಿ ದೊಡ್ಡದು. ಹೀಗಾಗಿ ಗಂಡ ಹೆಂಡತಿ ಇಬ್ಬರೇ ನಿಭಾಯಿಸಬಹುದು. ಅಡಿಯಲ್ಲಿ ಚಿಕ್ಕ ಕೀಲ್, ಆದ್ದರಿಂದ ನೀರು ಇಳಿದಾಗ ಮರಳ ಮೇಲೆ ನೆಟ್ಟಗೆ ನಿಲ್ಲುತ್ತೆ. ಎಲೀಟ್‌ನಲ್ಲಿ ಅಗಲ ಸುಮಾರು ಒಂದು ಅಡಿ ಹೆಚ್ಚಾಯ್ತು. ಆದರೂ ಐದು ಮೀಟರಿನ ಗಡಿ ಮುಟ್ಟಲಿಲ್ಲ.

ಈ ಒಂದಡಿ ಯಾಕೆ ಮುಖ್ಯ? ಒಂದು ಒಡಲಿನ ಹಾಯಿದೋಣಿ ನೆಟ್ಟಗೆ ನಿಲ್ಲೋದು ಅಡಿಯಲ್ಲಿರೋ ಭಾರದಿಂದ. ಬಾಗಿದರೆ ಆ ಭಾರ ಎಳೆದು ಎಬ್ಬಿಸುತ್ತೆ. ಕ್ಯಾಟಮರಾನ್‌ಗೆ ಆ ಭಾರ ಇಲ್ಲ, ಅದರ ಬಲವೆಲ್ಲ ಅಗಲದಲ್ಲಿ. ಅದಕ್ಕೇ ಹಗುರ, ಅದಕ್ಕೇ ವೇಗ. ಆದರೆ ಒಮ್ಮೆ ಪೂರ್ತಿ ಮಗುಚಿದರೆ ತಲೆಕೆಳಗಾಗಿಯೇ ಇರುತ್ತೆ, ತಾನಾಗಿ ಏಳಲ್ಲ.

1984ರಲ್ಲಿ ಶುರುವಾದ ಫ್ರಾನ್ಸಿನ ಲಗೂನ್ ಕಂಪನಿ ಈ ಅಗಲವನ್ನೇ ವ್ಯಾಪಾರ ಮಾಡಿಕೊಂಡಿತು. ಅದರ ‘ಲಗೂನ್ 380’ ಉದ್ದದಲ್ಲಿ ಹೆಚ್ಚುಕಮ್ಮಿ ಸ್ನೋಗೂಸ್ 37ರಷ್ಟೇ, ಸುಮಾರು 11.5 ಮೀಟರ್. ಅಗಲ ಮಾತ್ರ ಸುಮಾರು 6.5 ಮೀಟರ್. ರಜೆಗೆ ಬಾಡಿಗೆಗೆ ಕೊಡೋ ಮಾರುಕಟ್ಟೆ ಬೆಳೆದಿತ್ತು, ಅಲ್ಲಿ ವೇಗಕ್ಕಿಂತ ಕೋಣೆಗಳ ಲೆಕ್ಕ ದೊಡ್ಡದು. ಪ್ರೌಟ್ ಕಂಪನಿ 2000ದ ದಶಕದ ಆರಂಭದಲ್ಲಿ ಮುಚ್ಚಿತು. ಬಳಸೋರು ಬದಲಾದರೆ ವಿನ್ಯಾಸವೂ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನೊಬ್ಬರ ಹೆಸರು ಹೇಳಲೇಬೇಕು, ಜೇಮ್ಸ್ ವಾರಮ್. ಪಾಲಿನೇಷಿಯನ್ ದೋಣಿಗಳನ್ನ ಓದಿ, 1950ರ ದಶಕದಲ್ಲಿ ತಾವೇ ಕಟ್ಟಿದ ಕ್ಯಾಟಮರಾನ್‌ನಲ್ಲಿ ಅಟ್ಲಾಂಟಿಕ್ ದಾಟಿದ ಇಂಗ್ಲಿಷ್‌ ವ್ಯಕ್ತಿ. ಅವರ ಎಷ್ಟೋ ವಿನ್ಯಾಸಗಳಲ್ಲಿ ತೊಲೆಗಳನ್ನ ಒಡಲಿಗೆ ಹಗ್ಗದಿಂದಲೇ ಕಟ್ಟೋದು. ಬಿಗಿ ಜೋಡಣೆ ಬಿರುಕು ಬಿಡೋ ಜಾಗದಲ್ಲಿ ಹಗ್ಗ ಸ್ವಲ್ಪ ಜಗ್ಗಿ ಉಳಿಯುತ್ತೆ. ಮದರಾಸಿನ ದಂಡೆಯವರಿಗೆ ಇದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಲ್ಲಿ ಉಳಿದದ್ದು

ಹಾಗಾದರೆ ಕಟ್ಟುಮರಕ್ಕೆ ಏನಾಯ್ತು? ಮದರಾಸಿನ ಕೃತಕ ಬಂದರಿನ ಕೆಲಸ 1870ರ ದಶಕದಲ್ಲಿ ಶುರುವಾಯ್ತು, 1881ರ ಚಂಡಮಾರುತ ಅದನ್ನ ಒಡೆದು ಹಾಕಿತು. 1904ರ ನಂತರ ಫ್ರಾನ್ಸಿಸ್ ಸ್ಪ್ರಿಂಗ್ ಅದಕ್ಕೆ ಗಟ್ಟಿ ರೂಪ ಕೊಟ್ಟರು. ಹಡಗು ದಕ್ಕೆಗೇ ಬಂದು ನಿಲ್ಲತೊಡಗಿದ ಮೇಲೆ ಪೇಟೆಯ ಸರಕಿಗೆ ಮಸೂಲಾ ಬೇಕಾಗಲಿಲ್ಲ. ಕಟ್ಟುಮರ ಮೀನುಗಾರರ ಕೈಯಲ್ಲಿ ಇನ್ನೂ ಬಹಳ ಕಾಲ ಬದುಕಿತು. ಆಮೇಲೆ ಎಂಜಿನ್, ಫೈಬರ್ ಬಂದವು, 2004ರ ಸುನಾಮಿಯ ನಂತರ ಫೈಬರ್ ದೋಣಿಗಳು ಇನ್ನೂ ಹೆಚ್ಚಾದವು. ಈಗ ನೊಚ್ಚಿಕುಪ್ಪಂ ದಂಡೆಯಲ್ಲಿ ಸಾಲಾಗಿ ಕಾಣೋದು ಫೈಬರ್ ದೋಣಿಗಳೇ. ಇದನ್ನ ದುರಂತ ಅಂತ ನಾನು ಹೇಳಲ್ಲ. ಇಡೀ ದಿನ ನೀರಲ್ಲಿ ಕಾಲಿಟ್ಟು ದುಡಿಯೋರಿಗೆ ಒಣಗಿದ ದೋಣಿ ಬೇಕು ಅನ್ನಿಸೋದು ನ್ಯಾಯವೇ.

ಆದರೆ ಆ ಜ್ಞಾನ ಸುಮ್ಮನೆ ಮ್ಯೂಸಿಯಮ್ಮಿಗೆ ಹೋಗಬೇಕು ಅಂತೇನಿಲ್ಲ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಹಗ್ಗದಿಂದ ಹೊಲಿದ ಹಾಯಿಹಡಗು. ಅಜಂತಾದ ಚಿತ್ರ ನೋಡಿ ರೂಪಿಸಿದ್ದು, ಹೊಲಿದವರು ಕೇರಳದ ಕುಶಲಕರ್ಮಿಗಳು, ಅದರ ಮಾದರಿಯನ್ನ ನೀರಲ್ಲಿ ಪರೀಕ್ಷೆ ಮಾಡಿದ್ದು ಇದೇ ಚೆನ್ನೈನ ಐಐಟಿ ಮದ್ರಾಸ್. ಹೊಲಿಯೋಕೆ ಬರೋ ಕೈಗಳು ಇನ್ನೂ ಇದ್ದವು, ಅದಕ್ಕೇ ಆ ಹಡಗು ಆಯ್ತು. ಕಟ್ಟುಮರ ಕಟ್ಟೋ ಕೈಗಳಿಗೂ ಹಾಗೊಂದು ಕೆಲಸ ಸಿಗಬೇಕಾದರೆ, ‘ಕ್ಯಾಟಮರಾನ್ ನಮ್ಮದು’ ಅಂತ ಫಾರ್ವರ್ಡ್ ಮಾಡಿದರೆ ಸಾಲದು. ಕಟ್ಟುಮರ ಏನು ಅನ್ನೋದು ಮೊದಲು ಗೊತ್ತಿರಬೇಕು.

ನಿಮ್ಮ ಊರಿನ ಕಡಲ ತೀರದಲ್ಲೋ ಹೊಳೆ ದಂಡೆಯಲ್ಲೋ ಹೀಗೆ ಕಟ್ಟಿದ, ಹೊಲಿದ ದೋಣಿ ನೋಡಿದ್ದರೆ, ಅದನ್ನ ಅಲ್ಲಿ ಏನಂತ ಕರೀತಾರೆ ಅಂತ ಕೆಳಗೆ ಬರೀರಿ. ಮುಂದಿನ ವಾರ ಸಿಗೋಣ.