ದಡ ಸೇರಿದವನಿಗೆ ಆರತಿ

ಕಡಲು ಕಾಣದ ಊರಿನಲ್ಲಿ ಕುಳಿತು ಕಡಲಿನ ಮಾತನ್ನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಾನಿರುವ ನೆಲಮಂಗಲದಿಂದ ಯಾವ ದಿಕ್ಕಿಗೆ ಹೊರಟರೂ ಉಪ್ಪುನೀರು ಕಾಲಿಗೆ ತಾಕಲು ನೂರಾರು ಮೈಲಿ ಹೋಗಬೇಕು. ಆದರೆ ನಮ್ಮ ಊರಿನ ಬಳಿ ಕವಲೊಡೆಯುವ ಎರಡು ಹೆದ್ದಾರಿಗಳನ್ನು ನೋಡಿ. ಒಂದು ತುಮಕೂರು, ಪುಣೆಗಳ ದಾರಿಯಾಗಿ ಮುಂಬಯಿಗೆ ಹೋಗುತ್ತದೆ. ಇನ್ನೊಂದು ಕುಣಿಗಲ್, ಹಾಸನಗಳನ್ನು ದಾಟಿ, ಘಟ್ಟವಿಳಿದು ಮಂಗಳೂರನ್ನು ಸೇರುತ್ತದೆ. ಎರಡರ ಕೊನೆಯಲ್ಲಿಯೂ ಇರುವುದು ಪಶ್ಚಿಮ ಸಮುದ್ರವೇ. ಒಳನಾಡಿನವರಾದ ನಾವು ಸಮುದ್ರಕ್ಕೆ ಬೆನ್ನುಮಾಡಿ ಬದುಕಿದ್ದೇವೆಯೇ ಹೊರತು ಸಮುದ್ರ ನಮಗೆ ತೀರ ಅಪರಿಚಿತವಾದುದಲ್ಲ.

ಈ ದಿನ ನಾನು ಹೇಳಹೊರಟಿರುವುದು ಒಬ್ಬಂಟಿಯಾಗಿ, ಹಾಯಿದೋಣಿಯಲ್ಲಿ, ಭೂಮಂಡಲವನ್ನು ಸುತ್ತಿ ಬಂದವರ ವಿಷಯ. ಅವರ ಸಾಹಸಗಳನ್ನು ಕುರಿತು ಪುಸ್ತಕಗಳಿವೆ. ನನ್ನ ಕುತೂಹಲ ಬೇರೆಯದು. ಹಾಗೆ ಬಂದವನನ್ನು ದಡದಲ್ಲಿ ನಿಂತವರು ಹೇಗೆ ಬರಮಾಡಿಕೊಂಡರು? ಹೊರಡುವವನ ಧೈರ್ಯ ಅವನೊಬ್ಬನ ಗುಣ. ಬಂದವನಿಗೆ ಸಿಕ್ಕುವ ಸ್ವಾಗತ ಒಂದು ಸಮಾಜದ ಗುಣ. ಆದ್ದರಿಂದ ಇದು ನಾವಿಕರ ಚರಿತ್ರೆಯಷ್ಟೇ ಅಲ್ಲ, ದಡದವರ ಚರಿತ್ರೆಯೂ ಹೌದು.

ನಮ್ಮ ದಡದಿಂದಲೇ ಪ್ರಾರಂಭಿಸೋಣ. ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕಾರ್ಯಗಳನ್ನು ಎಣಿಸುವಾಗ ಸಮುದ್ರಯಾನವನ್ನು ಆ ಪಟ್ಟಿಯಲ್ಲಿ ಸೇರಿಸಿದೆ. ಕಡಲು ದಾಟಿ ಬಂದವನಿಗೆ ಶಾಸ್ತ್ರ ಕೊಟ್ಟದ್ದು ಆರತಿಯಲ್ಲ, ಪ್ರಾಯಶ್ಚಿತ್ತ. ಆದರೆ ಶಾಸ್ತ್ರ ಒಂದು ಕಡೆಗೆ ಎಳೆದರೆ ಬದುಕು ಇನ್ನೊಂದು ಕಡೆಗೆ ಎಳೆಯುತ್ತದೆ. ನಮ್ಮ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಐನೂರ್ವರೆಂಬ ವರ್ತಕ ಸಂಘದವರು ಕಡಲಾಚೆಗೂ ವ್ಯಾಪಾರ ನಡೆಸಿದರು. ಆ ಸಂಘವನ್ನು ಹೆಸರಿಸುವ ೧೦೮೮ರ ತಮಿಳು ಶಾಸನವೊಂದು ದೂರದ ಸುಮಾತ್ರದಲ್ಲಿ ದೊರೆತಿದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲಸಿದ್ದನೆಂಬುದು ಕೈರೋ ನಗರದಲ್ಲಿ ಉಳಿದುಬಂದ ಪತ್ರಗಳಿಂದ ತಿಳಿಯುತ್ತದೆ. ಹೋದವರೂ ಇದ್ದರು, ಬಂದವರೂ ಇದ್ದರು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಇನ್ನೊಂದು ಪ್ರಸಂಗವನ್ನು ನೆನೆಯಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಯಾವುದೋ ತೀರದಲ್ಲಿ ಸೆರೆಯಾದ ಗ್ರೀಕ್ ತರುಣಿಯನ್ನು ಬಿಡಿಸಲು ಅವಳ ಕಡೆಯವರು ಹಡಗಿನಲ್ಲಿ ಬರುತ್ತಾರೆ. ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಅವರು ಅಮಲಿನಲ್ಲಿರುವಾಗ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಆ ರಾಜನ ಕಡೆಯವರ ಮಾತು ಕನ್ನಡವೆಂದು ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ವಾದಿಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ನಾನು ತರಗತಿಯಲ್ಲಿ ಈ ವಿಷಯವನ್ನೆತ್ತಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು: ಕನ್ನಡಿಗರು ಅತಿಥಿಗಳೊಡನೆ ಕುಳಿತು ಕುಡಿದು, ಕಡೆಗೆ ಮೋಸಹೋದರೇ ಎಂದು. ಇರಲಿ, ದಡಕ್ಕೆ ಬಂದವನನ್ನು ನಂಬಿದ್ದು ದೊಡ್ಡ ದೋಷವೇನಲ್ಲ.

ಇನ್ನು ಏಕಾಕಿ ನಾವಿಕರ ಕಾಲಕ್ಕೆ ಬರೋಣ. ಒಬ್ಬನೇ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗ ಜೋಷುವಾ ಸ್ಲೋಕಮ್. ೧೮೯೫ರ ಏಪ್ರಿಲ್‌ನಲ್ಲಿ 'ಸ್ಪ್ರೇ' ಎಂಬ ಹಳೆಯ ದೋಣಿಯಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟವನು ೧೮೯೮ರ ಜೂನ್ ೨೭ರಂದು ನ್ಯೂಪೋರ್ಟ್ ಬಂದರಿಗೆ ಮರಳಿದ. ಆಗ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ. ಬಂದರಿನ ಬಾಯಿಯಲ್ಲಿ ಸಿಡಿಗುಂಡುಗಳನ್ನು ಹುದುಗಿಸಿಟ್ಟಿದ್ದರು. ಮೂರು ವರ್ಷಗಳ ಮೇಲೆ ಮನೆಗೆ ಬಂದವನು ನಡುರಾತ್ರಿಯಲ್ಲಿ ಬಂಡೆಗಳ ಅಂಚು ಹಿಡಿದು, ಕಳ್ಳನಂತೆ ಒಳಗೆ ನುಸುಳಬೇಕಾಯಿತು. ಕಾವಲು ಹಡಗೊಂದು ಕೂಗಿ ವಿಚಾರಿಸಿದ್ದೇ ಅವನಿಗೆ ಸಿಕ್ಕ ಮೊದಲ ಸ್ವಾಗತ. ಕೆಲವು ದಿನಗಳ ಬಳಿಕ ಅವನು ದೋಣಿಯನ್ನು ಫೇರ್‌ಹೇವನ್ ಎಂಬ ಊರಿಗೆ ಒಯ್ದು, ಅದನ್ನು ಮೊದಲು ನೀರಿಗಿಳಿಸಿದ ದಿನ ಯಾವ ಗೂಟಕ್ಕೆ ಕಟ್ಟಿದ್ದನೋ ಅದೇ ಗೂಟಕ್ಕೆ ಕಟ್ಟಿದ. ಮೇವಿಗೆ ಹೋದ ಹಸು ಸಂಜೆ ತನ್ನ ಗೂಟಕ್ಕೆ ತಾನೇ ಬಂದು ನಿಲ್ಲುವುದನ್ನು ಕಂಡವರಿಗೆ ಆ ಮನಸ್ಸು ಅರ್ಥವಾಗುತ್ತದೆ.

ಎಪ್ಪತ್ತು ವರ್ಷಗಳಲ್ಲಿ ಲೋಕ ಬದಲಾಯಿತು. ೧೯೬೬ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟ ಫ್ರಾನ್ಸಿಸ್ ಚಿಚೆಸ್ಟರ್, ಸಿಡ್ನಿಯಲ್ಲಿ ಮಾತ್ರ ನಿಂತು, ೧೯೬೭ರ ಮೇ ೨೮ರಂದು ಹಿಂದಿರುಗಿದಾಗ ಅವನಿಗೆ ಅರವತ್ತೈದು ವಯಸ್ಸು. ದಡದಲ್ಲಿ ಎರಡೂವರೆ ಲಕ್ಷ ಜನ ಸೇರಿದ್ದರೆಂದು ಅಂದಿನ ವರದಿಗಳು ಹೇಳುತ್ತವೆ. ಮೊದಲನೆಯ ಎಲಿಜಬೆತ್ ರಾಣಿಯು ಡ್ರೇಕನಿಗೆ ಬಿರುದು ಕೊಡಲು ಬಳಸಿದ ಖಡ್ಗದಿಂದಲೇ ಎರಡನೆಯ ಎಲಿಜಬೆತ್ ರಾಣಿಯು ಈ ವೃದ್ಧನಿಗೆ ಬಿರುದು ಕೊಟ್ಟಳು. ಸ್ಲೋಕಮ್‌ಗೆ ದೊರೆಯದ ಸಂಭ್ರಮವೆಲ್ಲ ಚಿಚೆಸ್ಟರ್‌ಗೆ ದೊರೆಯಿತು. ಆದರೆ ಸಂಭ್ರಮಕ್ಕೂ ಒಂದು ಭಾರವಿರುತ್ತದೆ. ಅದನ್ನು ಮರುವರ್ಷದ ಪಂದ್ಯ ತೋರಿಸಿಕೊಟ್ಟಿತು.

ಅದೇ ೧೯೬೮ರ ಗೋಲ್ಡನ್ ಗ್ಲೋಬ್ ಪಂದ್ಯ. ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಭೂಮಿಯನ್ನು ಸುತ್ತಿ ಬರಬೇಕು. ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಒಬ್ಬನೇ: ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ 'ಸುಹೈಲಿ' ಎಂಬ ೩೨ ಅಡಿಯ ದೋಣಿ ನಮ್ಮ ಮುಂಬಯಿಯಲ್ಲಿ, ನಮ್ಮ ಬಡಗಿಗಳ ಕೈಯಲ್ಲಿ, ತೇಗದ ಮರದಿಂದ ಆದದ್ದೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ನಡುದಾರಿಯಲ್ಲಿ ರೇಡಿಯೋ ಕೆಟ್ಟು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವನ ಸುದ್ದಿಯೇ ಇರಲಿಲ್ಲ. ೧೯೬೯ರ ಏಪ್ರಿಲ್ ೨೨ರಂದು ಅವನು ಫಾಲ್ಮತ್ ಬಂದರಿಗೆ ಬಂದಾಗ ಸುಂಕದ ಅಧಿಕಾರಿಗಳು ದೋಣಿಯನ್ನೇರಿ, ಪದ್ಧತಿಯಂತೆ, ಎಲ್ಲಿಂದ ಬಂದಿರೆಂದು ಕೇಳಿದರು. ಫಾಲ್ಮತ್‌ನಿಂದ ಎಂದು ಅವನು ಉತ್ತರ ಕೊಟ್ಟ. ಮುನ್ನೂರಕ್ಕೂ ಹೆಚ್ಚು ದಿನಗಳ ಪ್ರಯಾಣದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ: ಹೊರಟ ಸ್ಥಳವೇ ತಲುಪಿದ ಸ್ಥಳ.

ಅದೇ ಪಂದ್ಯದಲ್ಲಿದ್ದ ಫ್ರಾನ್ಸಿನ ಬರ್ನಾರ್ ಮ್ವಾಟೆಸ್ಸಿಯೆ, ಹಾರ್ನ್ ಭೂಶಿರವನ್ನು ದಾಟಿ ಅಟ್ಲಾಂಟಿಕ್ ಸೇರಿದ ಮೇಲೆ, ಗೆಲ್ಲುವ ಅವಕಾಶವಿದ್ದಾಗಲೇ ಮುಖ ತಿರುಗಿಸಿಬಿಟ್ಟ. ಕೇಪ್‌ಟೌನ್ ಬಳಿ ಹಡಗೊಂದರ ಮೇಲೆ ಕವಣೆಯಿಂದ ಸಂದೇಶವನ್ನು ಎಸೆದು, ತನಗೆ ಕಡಲೇ ಸುಖವೆಂದು ತಿಳಿಸಿ, ಟಹೀಟಿ ದ್ವೀಪದ ಕಡೆಗೆ ಹೊರಟುಹೋದ. ಅವನಿಗಾಗಿ ಕಾಯುತ್ತಿದ್ದ ಮೆರವಣಿಗೆ ಅವನಿಗೆ ಬೇಡವಾಗಿತ್ತು.

ಮೂರನೆಯವನ ಕಥೆ ದುಃಖದ್ದು. ಡೊನಾಲ್ಡ್ ಕ್ರೌಹರ್ಸ್ಟ್ ಹುಟ್ಟಿದ್ದು ೧೯೩೨ರಲ್ಲಿ, ನಮ್ಮ ದೇಶದ ಗಾಜಿಯಾಬಾದಿನಲ್ಲಿ. ಸಾಲ ಮಾಡಿ ಕಟ್ಟಿಸಿದ ದೋಣಿ ದಕ್ಷಿಣ ಸಾಗರಕ್ಕೆ ತಾಳಲಾರದೆಂದು ಹೊರಟ ಕೆಲವು ವಾರಗಳಲ್ಲೇ ಅವನಿಗೆ ತಿಳಿಯಿತು. ಹಿಂದಿರುಗಿದರೆ ಅಪಮಾನ, ದಿವಾಳಿ, ಮುಂದುವರಿದರೆ ಮರಣ. ಅವನು ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿಯನ್ನು ಸುತ್ತುತ್ತಿರುವಂತೆ ಸುಳ್ಳು ಸುದ್ದಿ ಕಳಿಸಿದ. ಅವನು ಹಿಂದೆಯೇ ಬರುತ್ತಿರುವನೆಂದು ನಂಬಿದ ನೈಜೆಲ್ ಟೆಟ್ಲಿ, ಜೀರ್ಣವಾಗಿದ್ದ ತನ್ನ ದೋಣಿಯನ್ನು ಬಿರುಸಾಗಿ ಓಡಿಸಿ ಮುಳುಗಿಸಿಕೊಂಡ. ಅವನ ಜೀವ ಉಳಿಯಿತು. ಇತ್ತ ಟೇನ್‌ಮತ್ ಎಂಬ ಊರು ಕ್ರೌಹರ್ಸ್ಟ್‌ನ ಸ್ವಾಗತಕ್ಕೆ ಸಿದ್ಧವಾಗುತ್ತಿತ್ತು. ೧೯೬೯ರ ಜುಲೈ ೧೦ರಂದು ಅವನ ದೋಣಿ ಸಿಕ್ಕಿತು. ಒಳಗೆ ಸುಳ್ಳು ಮತ್ತು ನಿಜ ಎರಡೂ ಇದ್ದ ದಿನಚರಿಗಳಿದ್ದವು, ಅವನಿರಲಿಲ್ಲ. ಕಡಲಿಗಿಂತ ಹೆಚ್ಚಾಗಿ ಅವನು ದಡಕ್ಕೆ ಹೆದರಿದನೆಂದೇ ನನ್ನ ತಿಳಿವಳಿಕೆ. ಸೋತವನಿಗೆ ಸ್ಥಳವಿಲ್ಲದ ಸ್ವಾಗತವು ಬಲೆಯಾಗಬಲ್ಲುದು. ಗೆದ್ದ ನಾಕ್ಸ್-ಜಾನ್‌ಸ್ಟನ್ ತನಗೆ ಬಂದ ಐದು ಸಾವಿರ ಪೌಂಡು ಬಹುಮಾನವನ್ನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟ. ಆ ಪಂದ್ಯದಲ್ಲಿ ಮನುಷ್ಯತ್ವಕ್ಕೆ ಸಂದ ಗೆಲವು ಇದು.

ಭಾರತದ ಪಾಲು ತಡವಾಗಿ ಬಂದಿತು. ಭಾರತೀಯನೊಬ್ಬ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಬೇಕೆಂಬ ಸಂಕಲ್ಪ ನೌಕಾದಳದ ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರದು. ಗೋವೆಯ ದಿವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರರ ಕಾರ್ಖಾನೆಯಲ್ಲಿ ೫೬ ಅಡಿಯ ಹಾಯಿದೋಣಿ ಸಿದ್ಧವಾಯಿತು. ಅದರ ಹೆಸರು 'ಮ್ಹಾದೇಯಿ'. ಈ ಹೆಸರನ್ನು ಕೇಳಿ ಕನ್ನಡಿಗರ ಕಿವಿ ನೆಟ್ಟಗಾಗಬೇಕು. ಇದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ, ಗೋವೆಗಿಳಿದು, ಮಾಂಡವಿಯಾಗಿ ಪಣಜಿಯ ಬಳಿ ಕಡಲು ಸೇರುವ ಮಹಾದಾಯಿಯ ಹೆಸರೇ. ನಾವು ಮಹಾದಾಯಿಯನ್ನು ನ್ಯಾಯಾಧಿಕರಣದ ವ್ಯಾಜ್ಯವಾಗಿ ಮಾತ್ರ ಬಲ್ಲೆವು. ಆ ಹೆಸರು ಮೂರು ಮಹಾಸಾಗರಗಳನ್ನು ದಾಟಿ ಬಂದಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಆ ದೋಣಿಯಲ್ಲಿ ದಿಲೀಪ ದೋಂದೆಯವರು ೨೦೦೯ರ ಆಗಸ್ಟ್ ೧೯ರಂದು ಮುಂಬಯಿಯಿಂದ ಹೊರಟು, ನಾಲ್ಕು ಬಂದರುಗಳಲ್ಲಿ ತಂಗಿ, ೨೦೧೦ರ ಮೇ ತಿಂಗಳಲ್ಲಿ ಮರಳಿದರು. ಅವರಿಗೆ ದಡದಲ್ಲಿ ನೆರವಾಗಿದ್ದ ಅಭಿಲಾಷ್ ಟೋಮಿಯವರು ಅದೇ ದೋಣಿಯಲ್ಲಿ ೨೦೧೨ರ ನವೆಂಬರ್ ೧ರಂದು ಹೊರಟು, ಎಲ್ಲಿಯೂ ನಿಲ್ಲದೆ, ೨೦೧೩ರ ಮಾರ್ಚ್ ೩೧ರಂದು ಮುಂಬಯಿಗೆ ಬಂದರು. ಏಪ್ರಿಲ್ ೬ರಂದು ಗೇಟ್‌ವೇ ಆಫ್ ಇಂಡಿಯಾದಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅವರನ್ನು ಬರಮಾಡಿಕೊಂಡರು.

ಆ ಸ್ಥಳದ ಮಹಿಮೆಯನ್ನು ಗಮನಿಸಬೇಕು. ೧೯೧೧ರ ಡಿಸೆಂಬರ್‌ನಲ್ಲಿ ಐದನೆಯ ಜಾರ್ಜ್ ದೊರೆ ಅಪೊಲೊ ಬಂದರಿನಲ್ಲಿ ಕಾಲಿಟ್ಟುದರ ನೆನಪಿಗಾಗಿ ಕಟ್ಟಿದ ಹೆಬ್ಬಾಗಿಲು ಅದು, ಮುಗಿದದ್ದು ೧೯೨೪ರಲ್ಲಿ. ೧೯೪೮ರ ಫೆಬ್ರವರಿ ೨೮ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಅದೇ ಬಾಗಿಲಿನಿಂದ ಹೊರಟುಹೋಯಿತು. ಚಕ್ರವರ್ತಿಗಾಗಿ ಕಟ್ಟಿದ ಬಾಗಿಲಿನಲ್ಲಿ, ಒಂದು ನೂರು ವರ್ಷಗಳ ಬಳಿಕ, ಒಬ್ಬನೇ ನಿಂತು ಚುಕ್ಕಾಣಿ ಹಿಡಿದವನೊಬ್ಬನಿಗಾಗಿ ದೇಶದ ಪ್ರಥಮ ಪ್ರಜೆ ಕಾದುನಿಂತರು. ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತ ವಿಧಿಸಿದ ನಾಡು ಎಷ್ಟು ದೂರ ಬಂದಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಅಭಿಲಾಷರ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಬೇರೊಂದು ಸ್ವಾಗತ. ಹಳೆಯ ಪಂದ್ಯದ ಐವತ್ತನೆಯ ವರ್ಷವೆಂದು ೨೦೧೮ರಲ್ಲಿ ಗೋಲ್ಡನ್ ಗ್ಲೋಬನ್ನು ಮತ್ತೆ ನಡೆಸಿದರು. ಉಪಗ್ರಹದ ನೆರವಿನಿಂದ ದಾರಿ ನೋಡುವಂತಿಲ್ಲ. ಸೂರ್ಯ ನಕ್ಷತ್ರಗಳನ್ನು ಸೆಕ್ಸ್‌ಟೆಂಟಿನಿಂದ ಅಳೆದೇ ದಾರಿ ಕಾಣಬೇಕು. ಅಭಿಲಾಷರು ಸುಹೈಲಿಯ ಮಾದರಿಯಲ್ಲಿ ಗೋವೆಯಲ್ಲೇ ಕಟ್ಟಿದ 'ತುರಿಯಾ' ದೋಣಿಯಲ್ಲಿ ಹೊರಟರು. ಸೆಪ್ಟೆಂಬರ್ ೨೧ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹಾಯಿಕಂಬ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಅವರು ಅಲುಗಾಡಲಾಗದೆ ಮಲಗಿದರು. ಪ್ರತಿಸ್ಪರ್ಧಿಯಾದ ಐರ್ಲೆಂಡಿನ ಗ್ರೆಗರ್ ಮೆಗಕಿನ್, ತನ್ನ ದೋಣಿಯ ಕಂಬವೂ ಮುರಿದಿದ್ದರೂ, ಅವರಿದ್ದ ಕಡೆಗೇ ದೋಣಿ ತಿರುಗಿಸಿದ. ಮೂರನೆಯ ದಿನ 'ಒಸಿರಿಸ್' ಎಂಬ ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ಅಕ್ಟೋಬರಿನಲ್ಲಿ ನಮ್ಮ ನೌಕಾದಳದ 'ಸಾತ್ಪುರ' ಅವರನ್ನು ವಿಶಾಖಪಟ್ಟಣಕ್ಕೆ ತಂದಿತು. ಗೆರೆ ಮುಟ್ಟದವನಿಗೂ ಬಂದರು ತೆರೆದಿತ್ತು. ಕ್ರೌಹರ್ಸ್ಟ್‌ಗೆ ಇಂಥ ದಡವೊಂದು ಕಾಣಿಸಿದ್ದರೆ ಅವನು ಬದುಕುತ್ತಿದ್ದನೇನೋ.

ಬೆನ್ನಿಗೆ ಲೋಹದ ಸಲಾಕೆ ಹಾಕಿಸಿಕೊಂಡ ಮನುಷ್ಯ ಮತ್ತೆ ೨೦೨೨ರ ಸೆಪ್ಟೆಂಬರ್ ೪ರಂದು ಫ್ರಾನ್ಸಿನ ಲೇ ಸಾಬ್ಲ್ ದೊಲೋನ್ ಬಂದರಿನಿಂದ ಅದೇ ಪಂದ್ಯಕ್ಕೆ ಹೊರಟರು. ಹೊರಟ ಹದಿನಾರು ಮಂದಿಯಲ್ಲಿ ನಿಯಮದಂತೆ ಪೂರೈಸಿದವರು ಮೂವರು. ದಾರಿಯಲ್ಲಿ ದೋಣಿ ಮುಳುಗಿದ ಫಿನ್ಲೆಂಡಿನ ಟಾಪಿಯೊ ಲೆಹ್ಟಿನೆನ್‌ರನ್ನು ನೀರಿನಿಂದೆತ್ತಿ ಕಾಪಾಡಿದ ದಕ್ಷಿಣ ಆಫ್ರಿಕದ ಕರ್ಸ್ಟನ್ ನೋಯ್‌ಶೇಫರ್ ಎಂಬ ಮಹಿಳೆ ೨೦೨೩ರ ಏಪ್ರಿಲ್ ೨೭ರಂದು, ಗಾಳಿಯಿಲ್ಲದೆ ಗಂಟೆಗಟ್ಟಲೆ ತೇಲಿ, ಮೊದಲಿಗಳಾಗಿ ಗೆರೆ ದಾಟಿದಳು. ಏಪ್ರಿಲ್ ೨೯ರಂದು, ೨೩೬ ದಿನಗಳ ತರುವಾಯ, ಅಭಿಲಾಷರು ಎರಡನೆಯವರಾಗಿ ಬಂದರು.

ನೀರಿನ ಮೇಲೆ ಗೆರೆ ಎಳೆಯಲು ಸಾಧ್ಯವಿಲ್ಲ. ಮುಕ್ತಾಯದ ಗೆರೆಯೆಂಬುದು ದಡದಲ್ಲಿ ನಿಂತವರು ಮನಸ್ಸಿನಲ್ಲಿ ಎಳೆದುಕೊಂಡದ್ದು. ಅದನ್ನು ನಿಜ ಮಾಡುವುದು ಕಾದುನಿಂತ ಕಣ್ಣುಗಳು. ತಿಂಗಳುಗಟ್ಟಲೆ ಮನುಷ್ಯರ ಮುಖ ಕಾಣದವನಿಗೆ ಮೊದಲು ಬೇಕಾದದ್ದು ಪದಕವಲ್ಲ. ನೀನು ಬಂದೆಯಾ ಎಂದು ಕೇಳುವ ಒಂದು ದನಿ. ನಮ್ಮ ಹೆಂಗಸರು ಊರಿಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆರತಿಯೆತ್ತುವಾಗ, ಗೆದ್ದು ಬಂದೆಯೋ ಸೋತು ಬಂದೆಯೋ ಎಂದು ಕೇಳುವುದಿಲ್ಲ. ಆರತಿಯ ನೀರು ಇಬ್ಬರಿಗೂ ಒಂದೇ. ಕಡಲ ದಡದಲ್ಲಿ ನಿಲ್ಲುವವರು ಈ ಹೊಸ್ತಿಲ ಧರ್ಮವನ್ನು ಮರೆಯದಿದ್ದರೆ ಸಾಕು. ಪರೀಕ್ಷೆ ಬರೆದು ಬರುವ ಮಗನಿಗೂ, ಪಟ್ಟಣದಲ್ಲಿ ಕೆಲಸ ಕಳೆದುಕೊಂಡು ಹಳ್ಳಿಗೆ ಮರಳುವ ತಮ್ಮನಿಗೂ ಅದೇ ಧರ್ಮ ಸಲ್ಲಬೇಕು. ಅವರು ಕೂಡ ಒಬ್ಬೊಬ್ಬರೇ ತಮ್ಮ ತಮ್ಮ ದೋಣಿಯನ್ನು ನಡೆಸಿಕೊಂಡು ಬಂದವರೇ.