ಗುಟ್ಟಿನ ಕಡತ

ಹೆಣ್ಣಿನ ಕಡೆಯ ವಿಚಾರ ಕೇಳಲು ಬಂದವರಿಗೆ ನೆರೆಮನೆಯವರು ‘ಹುಡುಗಿ ಅಡ್ಡಿಯಿಲ್ಲ’ ಎಂದುಬಿಟ್ಟರೆ ಸಂಬಂಧ ಅಲ್ಲಿಗೇ ನಿಂತಿತೆಂದು ಲೆಕ್ಕ. ಬೈದದ್ದಲ್ಲ, ಹೊಗಳಿದ್ದೂ ಅಲ್ಲ. ಹುಡುಗಿಗಂತೂ ಆ ಮಾತು ಗೊತ್ತೇ ಆಗದು. ಸರಕಾರಿ ನೌಕರರ ಬಾಳಿನಲ್ಲೂ ಇಂಥ ಮಾತುಗಳಿಗೊಂದು ಕಡತವಿತ್ತು. ಅದರ ಹೆಸರು ವಾರ್ಷಿಕ ಗೌಪ್ಯ ವರದಿ.

ಇದು ಬ್ರಿಟಿಷರ ಕಾಲದ ಬಳುವಳಿ. 1947ರಲ್ಲಿ ನೆಲ ಹರಿದು ಪಾಲಾಯಿತು. ಈ ಪದ್ಧತಿ ಮಾತ್ರ ಎರಡೂ ಕಡೆ ಇಡಿಯಾಗಿಯೇ ಉಳಿಯಿತು. ಭಾರತ, ಪಾಕಿಸ್ತಾನ, 1971ರ ನಂತರ ಬಾಂಗ್ಲಾದೇಶ, ಮೂರೂ ಕಡೆ ಮೇಲಧಿಕಾರಿ ಗುಟ್ಟಾಗಿ ಬರೆಯುತ್ತಿದ್ದರು. ಕೆಟ್ಟ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವುದು ರೂಢಿ.

ಕೆಟ್ಟದ್ದಲ್ಲದ ಮಾತೂ ಕೆಡುಕು ಮಾಡಬಲ್ಲದೆಂಬುದಕ್ಕೆ ನಮ್ಮ ಗಡಿ ರಸ್ತೆ ಸೇವೆಯ ಒಬ್ಬ ಎಂಜಿನಿಯರರ ಕಥೆಯೇ ಸಾಕ್ಷಿ. ಬಡ್ತಿಗೆ ಐದು ವರ್ಷವೂ ‘ಅತ್ಯುತ್ತಮ’ ಬೇಕಿತ್ತು. 1993-94ರ ವರದಿಯಲ್ಲಿ ‘ಉತ್ತಮ’ ಎಂದಷ್ಟೇ ಇತ್ತು. ಅದು ಕೆಟ್ಟ ಮಾತಲ್ಲವಲ್ಲ, ಹಾಗಾಗಿ ಅವರಿಗೆ ಯಾರೂ ತಿಳಿಸಲಿಲ್ಲ. ಬಡ್ತಿ ತಪ್ಪಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ತೀರ್ಪಿತ್ತಿತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು! 2009ರಲ್ಲಿ ಕೇಂದ್ರ ಸರಕಾರ ಇಡೀ ವರದಿಯನ್ನೇ ನೌಕರನಿಗೆ ತೋರಿಸಬೇಕೆಂದು ಆದೇಶಿಸಿತು. ‘ಗೌಪ್ಯ’ ಎಂಬ ಪದವೂ ಹೆಸರಿನಿಂದ ಕಳಚಿತು.

ಅದೇ ವರ್ಷ ಇನ್ನೊಂದು ಪ್ರಯೋಗವೂ ನಡೆಯಿತು. ಒಬ್ಬೊಬ್ಬರನ್ನಲ್ಲ, ಇಡೀ ಇಲಾಖೆಯನ್ನೇ ಅಳೆಯುವುದು. ಈ ವರ್ಷ ಏನೇನು ಮಾಡುತ್ತೇವೆ, ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದುಕೊಟ್ಟು, ವರ್ಷದ ಕೊನೆಗೆ ತಾಳೆ ನೋಡುವುದು. 2014ರಲ್ಲಿ ಸರಕಾರ ಬದಲಾದ ಮೇಲೆ ನಮ್ಮಲ್ಲಿ ಇದು ನಿಂತುಹೋಯಿತು. ಆದರೆ 2014-15ರಲ್ಲಿ ಬಾಂಗ್ಲಾದೇಶದ ಸಚಿವಾಲಯಗಳು ಇಂಥದೇ ವಾರ್ಷಿಕ ಒಪ್ಪಂದಕ್ಕೆ ಸಹಿ ಹಾಕಿದವು. ಪುಟ್ಟ ಭೂತಾನದಲ್ಲೂ ಅದೇ ಸುಮಾರಿಗೆ ಪ್ರಧಾನಿಯೇ ಸಚಿವರೊಡನೆ ಕರಾರು ಮಾಡಿಕೊಂಡರು. ನಮ್ಮ ಮನೆಯಲ್ಲಿ ಆರಿದ ದೀಪ ನೆರೆಮನೆಯಲ್ಲಿ ಉರಿದಂತಾಯಿತು.

ಇದರಲ್ಲೂ ಕಳ್ಳದಾರಿ ಇಲ್ಲವೆನ್ನಲಾರೆ. ತಾನೇ ಗುರಿ ಬರೆದುಕೊಳ್ಳುವ ಇಲಾಖೆ ಸುಲಭದ್ದನ್ನೇ ಬರೆದುಕೊಂಡೀತು. ಸುಲಭದ ಪ್ರಶ್ನೆಯನ್ನೇ ಆರಿಸಿಕೊಳ್ಳುವ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ಆದರೂ ಪ್ರಶ್ನೆ ಎಲ್ಲರ ಕಣ್ಣೆದುರಿಗಿದ್ದರೆ ‘ಇದೇಕೆ ಇಷ್ಟು ಸುಲಭ?’ ಎಂದು ಕೇಳಬಹುದು; ಬಚ್ಚಿಟ್ಟ ಕಾಗದವನ್ನು ಏನೆಂದು ಕೇಳುವುದು?

ಪರೀಕ್ಷೆ ಮುಗಿದ ಮೇಲೆ ತಿದ್ದಿದ ಉತ್ತರಪತ್ರಿಕೆಯನ್ನು ನಾವು ಮಗುವಿನ ಕೈಗೇ ಕೊಡುತ್ತೇವೆ. ಅಂಕ ಕೂಡಿಸಿದ್ದು ತಪ್ಪಿದ್ದರೆ ಅದು ಓಡಿಬಂದು ಕೇಳುತ್ತದೆ. ಏಳು ವರ್ಷದ ಮಗುವಿಗಿರುವ ಈ ಹಕ್ಕು ದೊಡ್ಡವರಿಗೆ ದಕ್ಕಲು ಸ್ವಾತಂತ್ರ್ಯ ಬಂದು ಅರವತ್ತು ವರ್ಷ ಕಾಯಬೇಕಾಯಿತು.